ಲೈಸೆನ್ಸ್ ಇರುವ ಡಿಟೆಕ್ಟಿವ್ ಸಿಗ್ತಾರಾ?

ಶಿರಸಿಯಲ್ಲಿ ವಕೀಲಿ ಮಾಡುವ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು: "ವಕೀಲ್ರೇ, ಸರ್ಕಾರದ ಲೈಸೆನ್ಸ್ ಇರುವ ಡಿಟೆಕ್ಟಿವ್ ಯಾರಾದ್ರೂ ಇದ್ದಾರಾ?" ಕೇಳುವವರು ಹೆಚ್ಚಾಗಿ ಮದುವೆ ಮಾತುಕತೆಯಲ್ಲಿರುವ ಅಪ್ಪ-ಅಮ್ಮ.

ಯಾರೂ ಇಲ್ಲ. ಅಂಥ ಲೈಸೆನ್ಸೇ ಇಲ್ಲವಲ್ಲ! ಕರ್ನಾಟಕದಲ್ಲೂ ಇಲ್ಲ, ಕಾರವಾರ ದಾಟಿ ಗೋವಾಕ್ಕೆ ಹೋದರೂ ಇಲ್ಲ. ಇವರಿಗೆ ಲೈಸೆನ್ಸ್ ಕಡ್ಡಾಯ ಮಾಡುವ ಮಸೂದೆ 2007ರಲ್ಲಿ ರಾಜ್ಯಸಭೆಗೆ ಬಂತು, ಕಾನೂನಾಗಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಾದರೆ ಸಾಮಾನ್ಯವಾಗಿ 6,000 ಗಂಟೆ ತನಿಖೆಯ ಅನುಭವ ತೋರಿಸಿ, ಪರೀಕ್ಷೆ ಪಾಸಾಗಬೇಕು. ನಮ್ಮಲ್ಲಿ ಬೋರ್ಡು ಹಾಕಿದರಾಯ್ತು.

ಮತ್ತೆ ಅವರು ತೋರಿಸುವ ಕಾಗದ? ಅಂಗಡಿ ಕಾಯ್ದೆಯ ನೋಂದಣಿ, ಜಿಎಸ್‌ಟಿ ನಂಬರು. ಅದು ಕಿರಾಣಿ ಅಂಗಡಿಗೂ ಇರುತ್ತದೆ. 2005ರ ಸೆಕ್ಯುರಿಟಿ ಏಜೆನ್ಸಿ ಕಾಯ್ದೆಯ ಲೈಸೆನ್ಸ್ ತೋರಿಸಿದರೆ, ಅದು ವಾಚ್‌ಮನ್ ಕಳಿಸುವವರಿಗೆ.

ಹಾಗಾಗಿ ಕಾಗದಕ್ಕಿಂತ ಕೆಲಸದ ದಾರಿ ನೋಡಿ. "ಹುಡುಗನ ಕಾಲ್ ಡಿಟೇಲ್ಸ್ ತೆಗೆಸಿಕೊಡ್ತೇವೆ" ಅಂದರೋ, ಎದ್ದು ಬನ್ನಿ. 2018ರಲ್ಲಿ ಮಹಾರಾಷ್ಟ್ರದ ಠಾಣೆ ನಗರದ ಪೊಲೀಸರು ಇಂಥ ಕಾಲ್ ಡಿಟೇಲ್ಸ್ ಮಾರಾಟದ ಕೇಸಿನಲ್ಲಿ ಖಾಸಗಿ ಡಿಟೆಕ್ಟಿವ್‌ಗಳನ್ನೇ ಬಂಧಿಸಿದ್ದರು. ದುಡ್ಡು ಕೊಟ್ಟು ತರಿಸಿದವರ ಮನೆಗೂ ಪೊಲೀಸರು ಬರಬಹುದು, ಅಲ್ವಾ? ಗಂಡಸೊಬ್ಬ ಹುಡುಗಿಯ ಇಮೇಲು, ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಟ್ಟರೆ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನ ಅಡಿ ಅದೂ ಅಪರಾಧ. ನಾಳೆ ಸೊಸೆಯಾಗುವವಳು ಅನ್ನುವ ವಿನಾಯಿತಿ ಅದರಲ್ಲಿಲ್ಲ.

ನಿಜ ಹೇಳಬೇಕೆಂದರೆ, ಅರ್ಧ ಕೆಲಸಕ್ಕೆ ಡಿಟೆಕ್ಟಿವ್ ಬೇಕಾಗಿಯೇ ಇಲ್ಲ. ಎರಡೆಕರೆ ತೋಟ ಇದೆ ಅಂದರಾ? ಸರ್ವೆ ನಂಬರು ಕೇಳಿ, ಭೂಮಿ ಜಾಲತಾಣದಲ್ಲಿ ಪಹಣಿ ನೋಡಿ. ಸಾಲ, ಅಡಮಾನ ಇದೆಯಾ ಅನ್ನುವುದಕ್ಕೆ ಋಣಭಾರ ಪತ್ರ ತೆಗೆಸಿ. ಹುಡುಗನ ಮೇಲೆ ಕೇಸಿದೆಯಾ? ಕೋರ್ಟುಗಳ ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ, ವರ್ಷ, ಹೆಸರು ಹಾಕಿ ಹುಡುಕಬಹುದು. ಖರ್ಚಿಲ್ಲ. ಹೆಸರಿನ ಸ್ಪೆಲ್ಲಿಂಗ್ ಬದಲಿಸಿ ಬದಲಿಸಿ ನೋಡುವ ತಾಳ್ಮೆ ಬೇಕು ಅಷ್ಟೆ. ಉಳಿದದ್ದನ್ನು ನಮ್ಮೂರ ನೆಂಟರು ಸುಮ್ನೆ ಕೂತಲ್ಲೇ ಹೇಳುತ್ತಾರೆ, ಸ್ವಲ್ಪ ಉಪ್ಪುಖಾರ ಜಾಸ್ತಿ.

ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವವರ ಬಗ್ಗೆ ವಿಚಾರಿಸಲು ಜನ ಬೇಕೇ ಬೇಕೆಂದರೆ ಬರಹದಲ್ಲಿ ಕರಾರು ಮಾಡಿಕೊಳ್ಳಿ. ಏನು ವಿಚಾರಿಸಬೇಕು, ಎಷ್ಟು ದಿನ, ಎಷ್ಟು ಮುಂಗಡ, ಫೋಟೋಗಳು ಯಾರ ಕೈಯಲ್ಲಿ ಉಳಿಯುತ್ತವೆ, ಎಲ್ಲ ಅದರಲ್ಲಿರಲಿ.

ವಿಚ್ಛೇದನದ ಕೇಸಿಗಾದರೆ ಇನ್ನೊಂದಿದೆ. ಅವರು ತೆಗೆದ ವಿಡಿಯೋ ಕೋರ್ಟಿನಲ್ಲಿ ನಿಲ್ಲಬೇಕೆಂದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ, ಅಂದರೆ ಡಿಜಿಟಲ್ ದಾಖಲೆಯ ಜೊತೆ ಕೊಡುವ ದೃಢೀಕರಣ, ಬೇಕು. ತೆಗೆದವರೇ ಬಂದು ಸಾಕ್ಷಿ ಹೇಳಬೇಕಾಗಬಹುದು. "ಶಿರಸಿ ಕೋರ್ಟಿಗೆ ಬರ್ತೀರಾ?" ಅಂತ ಮುಂಗಡ ಕೊಡುವ ಮೊದಲೇ ಕೇಳಿ. ಬಸ್ ಖರ್ಚು ಯಾರದು ಅನ್ನುವುದನ್ನೂ ಕರಾರಿನಲ್ಲೇ ಬರೆಸಿಬಿಡಿ.