ನನ್ನ ಫಾಸ್ಟಿಂಗು, ಅಮ್ಮನ ಮಾತ್ರೆ

ಇಂಟರ್‌ಮಿಟೆಂಟ್ ಫಾಸ್ಟಿಂಗ್, ಅಂದ್ರೆ ದಿನದ ಕೆಲವೇ ಗಂಟೆಯೊಳಗೆ ಊಟ ಮುಗಿಸಿ ಉಳಿದ ಹೊತ್ತು ಉಪವಾಸ ಇರೋದು, ಶುರು ಮಾಡಿ ಹತ್ತಿರ ಹತ್ತಿರ ಎರಡು ವರ್ಷ ಆಯ್ತು. ಕೃಷ್ಣರಾವ್ ಪಾರ್ಕಲ್ಲಿ ವಾಕಿಂಗ್ ಮಾಡುವಾಗ, ಮದುವೆ ಮನೆಗಳಲ್ಲಿ, ಎಲ್ಲರೂ ಕೇಳೋದು ಒಂದೇ, ಎಷ್ಟು ಕೆಜಿ ಇಳಿದೆ ಅಂತ. ಐದೂವರೆ. ಅದನ್ನ ಮೊದಲೇ ಹೇಳಿ ಮುಗಿಸ್ತೀನಿ, ನಂಗೆ ಬರೀಬೇಕಾಗಿರೋದು ಅಮ್ಮಂಗೆ ಆಗಿದ್ದರ ಬಗ್ಗೆ.

ಶುರುವಾಗಿದ್ದು ನನ್ನ ಬ್ಲಡ್ ರಿಪೋರ್ಟಿಂದ. ಎಚ್‌ಬಿಎ1ಸಿ 6.1 ಬಂದಿತ್ತು. ಅದು ಹಿಂದಿನ ಎರಡು ಮೂರು ತಿಂಗಳ ಶುಗರಿನ ಸರಾಸರಿ ಲೆಕ್ಕ, 5.7ರಿಂದ 6.4ರ ತನಕ ಇದ್ರೆ ಪ್ರೀಡಯಾಬಿಟೀಸ್, ಅಂದ್ರೆ ಶುಗರ್ ಕಾಯಿಲೆಯ ಹಿಂದಿನ ಹಂತ. ಅಜ್ಜಿಗೆ ಶುಗರ್ ಇತ್ತು, ಅಮ್ಮಂಗೆ ಹದಿನಾಲ್ಕು ವರ್ಷದಿಂದ ಇದೆ, ಈಗ ನನ್ನ ಸರದಿ ಅಂತ ಅನ್ನಿಸಿ ಆವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಎಲ್ಲರ ಥರ ನಾನೂ 16:8 ಹಿಡಿದೆ, ಮಧ್ಯಾಹ್ನ 12ರಿಂದ ರಾತ್ರಿ 8ರ ತನಕ ಊಟ, ಉಳಿದಿದ್ದು ನೀರು. ಕಷ್ಟ ಆಗಿದ್ದು ಹಸಿವಿಗಿಂತ ಬೆಳಗ್ಗೆ ಕಾಫಿದು. ಹಾಲು ಸಕ್ಕರೆ ಹಾಕಿದ್ರೆ ಉಪವಾಸ ಮುರಿದ ಹಾಗೇ, ಅದಕ್ಕೆ ಬರೀ ಡಿಕಾಕ್ಷನ್‌ಗೆ ಬಿಸಿನೀರು ಬೆರೆಸಿ ಕುಡೀತಿದ್ದೆ, ಹತ್ತು ಗಂಟೆಗೆಲ್ಲ ಎದೆ ಉರಿ. ರಾತ್ರಿ 8ಕ್ಕೆ ಮುಗಿಸೋದೂ ಆಗ್ತಿರ್ಲಿಲ್ಲ, ಆಗಿನ್ನೂ ಹಳದಿ ಲೈನ್ ಮೆಟ್ರೋ ಶುರುವಾಗಿರ್ಲಿಲ್ಲ, ಎಲೆಕ್ಟ್ರಾನಿಕ್ ಸಿಟಿಯಿಂದ ಹೊರಟು ಸಿಲ್ಕ್ ಬೋರ್ಡ್ ದಾಟಿ ಬಸವನಗುಡಿಗೆ ಬರೋಷ್ಟರಲ್ಲೇ ಎಂಟೂವರೆ ಆಗಿರೋದು.

ಅಮ್ಮಂಗೆ ಮಾತ್ರ ಇದೆಲ್ಲ ತುಂಬಾ ಖುಷಿ. ಮದುವೆಯಾದಾಗಿಂದ ಏಕಾದಶಿ ತಪ್ಪಿಸಿದವರಲ್ಲ ಅವರು, ದ್ವಾದಶಿ ಬೆಳಗ್ಗೆ ಬೇಗ ಎದ್ದು ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ ಮಾಡಿ ಪಾರಣೆ ಮಾಡ್ತಿದ್ರು. ಶುಗರ್ ಬಂದ್ಮೇಲೆ ಬಿಟ್ಟಿದ್ದು ಅವರ ಮನಸ್ಸಿಗೆ ಚುಚ್ಚುತ್ತಿತ್ತು. "ನೀನು ಮಾಡ್ತಿರೋದು ನಮ್ಮ ಒಪ್ಪತ್ತೇ ಕಣೇ, ಒಂದ್ಹೊತ್ತು ಉಂಡವ ಯೋಗಿ ಅಂತ ಹಿರಿಯರು ಸುಮ್ನೆ ಹೇಳಿದ್ರಾ" ಅಂದವರು ಬೆಳಗ್ಗೆ ತಿಂಡಿ ಬಿಟ್ಟು ತಾವೂ ಶುರು ಮಾಡಿದ್ರು. ನಾನೂ ತಡೀಲಿಲ್ಲ. ತಡೆಯೋದಿರ್ಲಿ, ಆಟೋಫಜಿ ಅಂತ ಇದೆ, ಹಸಿದಾಗ ಜೀವಕೋಶ ತನ್ನ ಕಸ ತಾನೇ ತೆಗೆಯುತ್ತೆ, ಅದಕ್ಕೆ 2016ರಲ್ಲಿ ಜಪಾನಿನ ಓಸುಮಿ ಅವರಿಗೆ ನೊಬೆಲ್ ಕೊಟ್ಟಿದ್ದಾರೆ ಅಂತ ನಾನೇ ಕೂತು ವಿವರಿಸಿದೆ. ಅವರು ಆ ಕೆಲಸ ಮಾಡಿದ್ದು ಯೀಸ್ಟ್ ಇಟ್ಕೊಂಡು, ಎಪ್ಪತ್ತು ದಾಟಿದ, ದಿನಾ ಶುಗರ್ ಮಾತ್ರೆ ನುಂಗೋ ಹೆಂಗಸು ಎಷ್ಟು ಹೊತ್ತು ಉಪವಾಸ ಇರ್ಬೋದು ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಇದನ್ನ ನಾನು ಸರಿಯಾಗಿ ಓದಿದ್ದು ಆಮೇಲೆ.

ಅಮ್ಮ ಶುರು ಮಾಡಿದ ಒಂಬತ್ತನೇ ದಿನ, ಜನವರಿ ತಿಂಗಳ ಶನಿವಾರ. ಅಮ್ಮ ನಡುಮನೇಲಿ ಚಾಪೆ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕ್ತಾ ಇದ್ರು. ಅಮ್ಮನ ಕೈ ಹೇಗೆ ಅಂದ್ರೆ, ಹೆಬ್ಬೆರಳು ತೋರುಬೆರಳಲ್ಲಿ ಒಂದು ಒತ್ತು, ಬೇಳೆ ಚಿಮ್ಮಿ ನೇರ ಪಾತ್ರೆಗೆ, ನೋಡೋದೂ ಬೇಡ. ಆವತ್ತು ಬೇಳೆ ಪಾತ್ರೆಯ ಹೊರಗೆ ಬೀಳ್ತಿತ್ತು. ಒಂದು, ಎರಡು, ಆಮೇಲೆ ಮೂರು ನಾಲ್ಕು. ತಲೆ ಎತ್ತಿ ನೋಡಿದ್ರೆ ಆ ಚಳಿಯಲ್ಲೂ ಮೇಲ್ದುಟಿ ಮೇಲೆ ಬೆವರ ಹನಿ, ಬೆರಳು ನಡುಗ್ತಾ ಇದೆ. "ಅಮ್ಮಾ, ಏನಾಯ್ತು" ಅಂದ್ರೆ, "ಹಾಲಿನವನು ಬಂದಿದ್ನಾ" ಅಂದ್ರು. ಹಾಲು ಬಂದು ಐದು ಗಂಟೆ ಆಗಿತ್ತು.

ಗ್ಲುಕೋಮೀಟರಲ್ಲಿ 58. 70ಕ್ಕಿಂತ ಕಮ್ಮಿ ಅಂದ್ರೆ ಲೋ ಶುಗರ್. ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕಲಸ್ತಿದ್ರೆ ಚಮಚ ಲೋಟಕ್ಕೆ ಟಕಟಕ ಬಡೀತಿತ್ತು, ಈಗ ನಡುಗ್ತಿದ್ದಿದ್ದು ನನ್ನ ಕೈ. ಕುಡಿಸಿ ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿದಾಗ 86 ಬಂತು, ತಕ್ಷಣ ಎರಡು ಇಡ್ಲಿ ತಿನ್ನಿಸಿದೆ. ಆ ಹದಿನೈದು ನಿಮಿಷ ಅವರ ಬೆನ್ನು ಸವರುತ್ತಾ ಕೂತಿದ್ದೆ, ಒಂದು ಮಾತೂ ಬರ್ಲಿಲ್ಲ.

ಆಗಿದ್ದಿಷ್ಟೇ. ಅಮ್ಮ ದಿನದ ಹಾಗೇ ಎಂಟು ಗಂಟೆಗೆ ಗ್ಲಿಮಿಪಿರೈಡ್ ಅನ್ನೋ ಶುಗರ್ ಮಾತ್ರೆ ತಗೊಂಡಿದ್ರು, ತಿಂಡಿ ಮಾತ್ರ ಬಿಟ್ಟಿದ್ರು. ಆ ಮಾತ್ರೆ ಪ್ಯಾಂಕ್ರಿಯಾಸಿಂದ ಶುಗರ್ ಇಳಿಸೋ ಇನ್ಸುಲಿನ್ ಜಾಸ್ತಿ ಬಿಡಿಸುತ್ತೆ, ಹೊಟ್ಟೇಲಿ ಊಟ ಇರ್ಲಿ ಬಿಡ್ಲಿ. ಮೆಟ್‌ಫಾರ್ಮಿನ್ ಒಂದನ್ನೇ ತಗೊಳ್ಳೋರಿಗೆ ಹೀಗಾಗೋದು ಅಪರೂಪ, ಆದ್ರೆ ಗ್ಲಿಮಿಪಿರೈಡ್, ಗ್ಲಿಕ್ಲಜೈಡ್ ಥರದ್ದು ಅಥವಾ ಇನ್ಸುಲಿನ್ ತಗೊಳ್ಳೋರು ಡಾಕ್ಟರ್ ಹತ್ರ ಡೋಸ್ ಬದಲಾಯಿಸಿಕೊಳ್ಳದೆ ಊಟ ಬಿಡಲೇಬಾರದು. ದಯವಿಟ್ಟು ಮನೇಲಿ ದೊಡ್ಡವರ ಮಾತ್ರೆ ಸ್ಟ್ರಿಪ್ ಒಂದ್ಸಲ ತಿರುಗಿಸಿ ಹೆಸರು ಓದಿ, ನಾನು ಹದಿನಾಲ್ಕು ವರ್ಷ ಅದನ್ನ ತಂದುಕೊಡ್ತಿದ್ದೆ, ಒಂದು ದಿನವೂ ಏನು ಕೆಲಸ ಮಾಡುತ್ತೆ ಅಂತ ಕೇಳಿರ್ಲಿಲ್ಲ.

ನಾನು ಫಾಸ್ಟಿಂಗ್ ಬಿಡ್ಲಿಲ್ಲ, ಹೊತ್ತು ಬದಲಾಯಿಸಿದೆ. ಒಂದೇ ಊಟವನ್ನ ರಾತ್ರಿಗಿಂತ ಬೆಳಗ್ಗೆ ದೇಹ ಚೆನ್ನಾಗಿ ನಿಭಾಯಿಸುತ್ತೆ, ಸಂಜೆ ಆಗ್ತಾ ಇನ್ಸುಲಿನ್ ಕೆಲಸ ನಿಧಾನ ಆಗುತ್ತೆ. ಹಾಗಾಗಿ ಈಗ ಬೆಳಗ್ಗೆ ಒಂಬತ್ತಕ್ಕೆ ತಿಂಡಿ, ಸಂಜೆ ಐದೂವರೆಗೆ ಆಫೀಸಲ್ಲೇ ಡಬ್ಬಿ ಊಟ, ಅಲ್ಲಿಗೆ ಮುಗೀತು. ಇದರಲ್ಲಿ ಮಂತ್ರ ಏನೂ ಇಲ್ಲ ಅನ್ನೋದೂ ಗೊತ್ತು. ಚೀನಾದಲ್ಲಿ 139 ಜನರ ಮೇಲೆ ಒಂದು ವರ್ಷ ನಡೆದು 2022ರಲ್ಲಿ ಬಂದ ಟ್ರಯಲ್ ಒಂದರಲ್ಲಿ ಎಲ್ಲರಿಗೂ ಕ್ಯಾಲರಿ ಕಮ್ಮಿ ಮಾಡಿ, ಅರ್ಧ ಜನಕ್ಕೆ ಮಾತ್ರ ಬೆಳಗ್ಗೆ 8ರಿಂದ ಸಂಜೆ 4ರ ಒಳಗೆ ತಿನ್ನಿ ಅಂದಿದ್ರು, ಎರಡು ಗುಂಪಿನವರು ಇಳಿಸಿದ ತೂಕದ ನಡುವೆ ಹೇಳ್ಕೊಳ್ಳೋ ವ್ಯತ್ಯಾಸ ಬರ್ಲಿಲ್ಲ. ನಂಗೆ ಇದು ಹಿಡಿಸಿರೋದು ರಾತ್ರಿ ಹತ್ತಕ್ಕೆ ಚಕ್ಕುಲಿ ಡಬ್ಬಕ್ಕೆ ಕೈ ಹೋಗೋದು ನಿಂತಿದ್ದಕ್ಕೆ. ರಾತ್ರಿ ಮನೆಯವರು ಊಟಕ್ಕೆ ಕೂತಾಗ ನಾನು ಜೀರಿಗೆ ನೀರಿನ ಲೋಟ ಹಿಡ್ಕೊಂಡು ಜೊತೆಗೆ ಕೂರ್ತೀನಿ, ಮೊದಮೊದಲು ಸಾರಿನ ಒಗ್ಗರಣೆ ವಾಸನೆಗೆ ತುಂಬಾ ಕಷ್ಟ ಆಗ್ತಿತ್ತು. ಕಳೆದ ತಿಂಗಳ ರಿಪೋರ್ಟಲ್ಲಿ ನನ್ನ ಎಚ್‌ಬಿಎ1ಸಿ 5.6.

ಅಮ್ಮ ಡಾಕ್ಟರ್ ಹತ್ರ ಏಕಾದಶಿ ಬಗ್ಗೆ ತಾವೇ ಕೇಳಿದ್ರು. ಅವರು ಬೈಲಿಲ್ಲ, ಆ ದಿನಕ್ಕೆ ಮಾತ್ರೆ ಹೇಗೆ ತಗೋಬೇಕು ಅಂತ ಬೇರೆ ಬರೆದುಕೊಟ್ರು, ಪೂರ್ತಿ ಉಪವಾಸ ಬೇಡ, ಹೊತ್ತು ಹೊತ್ತಿಗೆ ಫಲಾಹಾರ ತಗೊಳ್ಳಿ ಅಂದ್ರು. ಮೊನ್ನೆ ಏಕಾದಶಿ ದಿನ ಎಂಟೂವರೆಗೆ ಗೋಧಿ ರವೆ ಉಪ್ಪಿಟ್ಟು, ಒಂದು ಬಾಳೆಹಣ್ಣು. ನಾನೂ ನನ್ನ ಒಂಬತ್ತು ಗಂಟೆ ಬಿಟ್ಟು ಅವರ ಜೊತೆಗೇ ಕೂತೆ. ಮಾರನೇ ದಿನಕ್ಕೆ ಅಗಸೆ ಸೊಪ್ಪು ಬೇಕು ಅಂದ್ರು, ಸಂಜೆ ಗಾಂಧಿ ಬಜಾರಿಗೆ ಹೋಗಿ ಎರಡು ಕಟ್ಟು ತಂದೆ.