ಬಗ್ಗಿದ ಕಂಬಿ

ಪಕ್ಕದ ನಿವೇಶನದಲ್ಲಿ ಮನೆ ಕಟ್ಟುತ್ತಿದ್ದಾರೆ. ಕಂಬಿ ಕೆಲಸದವರು 8 ಮಿಲಿಮೀಟರ್ ಕಂಬಿಯನ್ನು ರಿಂಗ್‌ಗಳಾಗಿ, ಅಂದರೆ ಕಂಬ-ತೊಲೆಗಳ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ಚೌಕಟ್ಟುಗಳಾಗಿ, ಬಗ್ಗಿಸುವುದನ್ನು ಇಂದು ಬೆಳಿಗ್ಗೆ, ಕೈಯಲ್ಲಿದ್ದ ಕಾಫಿ ಆರಿಹೋಗುವವರೆಗೂ ನೋಡುತ್ತ ನಿಂತಿದ್ದೆ. ಲಂಬಕೋನ ಬೇಕಾದಲ್ಲೆಲ್ಲ ಅವರು ಒಂದಿಷ್ಟು ಹೆಚ್ಚೇ ಬಗ್ಗಿಸುತ್ತಿದ್ದರು; ಕೈ ಸಡಿಲಿಸಿದೊಡನೆ ಕಂಬಿ ತುಸು ಹಿಂದೆ ಸರಿದು, ಬೇಕಾದ ಕೋನಕ್ಕೇ ಬಂದು ನಿಲ್ಲುತ್ತಿತ್ತು.

ಹಿಂದೆ ಸರಿದ ಆ ತುಸು ಭಾಗ ಮಾತ್ರ ಸ್ಥಿತಿಸ್ಥಾಪಕತೆಯದು, ಅಂದರೆ ಎಳೆದ ಬಲಕ್ಕೆ ತಕ್ಕಷ್ಟೇ ಹಿಗ್ಗು ಎಂದು 1678ರಲ್ಲಿ ವಿಜ್ಞಾನಿ ರಾಬರ್ಟ್ ಹುಕ್ ಪ್ರಕಟಿಸಿದ ನಿಯಮದ ಪಾಲು. ಮಿಕ್ಕದ್ದು ಶಾಶ್ವತ ವಿರೂಪ. ಕಟ್ಟಡಗಳಿಗೆ ಬಳಸುವ ಎಫ್‌ಇ 500 ದರ್ಜೆಯ ಉಕ್ಕಾದರೆ ಇಷ್ಟು ತೆಳುವಾದ ಕಂಬಿಗೂ ಸುಮಾರು ಎರಡೂವರೆ ಟನ್ ಭಾರ ತೂಗಿಬಿಡಬಹುದು. ಆಗ ಅದು ಮೀಟರಿಗೆ ಹೆಚ್ಚುಕಡಿಮೆ 2.5 ಮಿಲಿಮೀಟರಿನಷ್ಟು ಹಿಗ್ಗಿ, ಭಾರ ಇಳಿಸಿದರೆ ಬಹುಮಟ್ಟಿಗೆ ಮೊದಲಿನ ಉದ್ದಕ್ಕೇ ಮರಳುತ್ತದೆ. ಆ ಮಿತಿ ದಾಟಿದರೆ ಲೋಹದ ಹರಳುಗಳೊಳಗೆ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುತ್ತವೆ, ಜೋಡಣೆಯಲ್ಲಿನ ದೋಷಗಳು ಹೆಚ್ಚುತ್ತ ಒಂದಕ್ಕೊಂದು ತೊಡರಿಕೊಳ್ಳುತ್ತವೆ, ಹೀಗಾಗಿ ಬಗ್ಗಿದ ಜಾಗ ಮೊದಲಿಗಿಂತ ಗಡುಸಾಗುತ್ತದೆ. ಗಡುಸಾಗುವುದೆಂದರೆ ಬಲವಾಗುವುದೆಂದೇ ನಾನು ಬಹುಕಾಲ ತಿಳಿದಿದ್ದೆ (ಮನುಷ್ಯರ ವಿಷಯದಲ್ಲಿಯೂ ಹಾಗೆಯೇ ತಿಳಿದಿದ್ದೆನೆನ್ನಿ), ಆದರೆ ಆ ಜಾಗದಲ್ಲಿ ಇನ್ನೊಮ್ಮೆ ಹಿಗ್ಗುವ ಶಕ್ತಿ ಅಷ್ಟರಮಟ್ಟಿಗೆ ಖರ್ಚಾಗಿರುತ್ತದೆ.

ಅಳತೆ ತಪ್ಪಿ ಬಗ್ಗಿದ್ದ ಒಂದು ರಿಂಗನ್ನು ಹುಡುಗನೊಬ್ಬ ಬಡಿದು ನೆಟ್ಟಗೆ ಮಾಡಲು ಹೊರಟಾಗ ಮೇಸ್ತ್ರಿ ತಡೆದರು. "ಬಿಡು, ಅದು ಗುಜರಿಗೆ" ಎಂದಷ್ಟೇ ಹೇಳಿ ಹೊಸ ಕಂಬಿ ಕೈಗಿತ್ತರು.