ಕೊನೇ ಗಳಿಗೆಯಲ್ಲಿ ಕಿತ್ತ ಕಾರ್ಡ್

ಟೂರ್ನಮೆಂಟ್‌ನ ಹಿಂದಿನ ರಾತ್ರಿ ಹನ್ನೊಂದೂವರೆಗೆ ಡೆಕ್‌ನಿಂದ ಒಂದು ಕಾರ್ಡ್ ಕಿತ್ತೆ. ಫೆಮ್ ಫಟಾಲ್. ಅದರ ಜಾಗಕ್ಕೆ ಮೇಕರ್ಸ್ ಐ ಅನ್ನೋ ಕಾರ್ಡಿನ ಮೂರನೇ ಪ್ರತಿ ತುರುಕಿದೆ. ಎರಡು ಸಲ ಎಣಿಸಿ, 45 ಸರಿ ಇದೆ ಅಂತ ಖಾತ್ರಿ ಮಾಡಿಕೊಂಡು ಮಲಗಿದೆ. ನಿದ್ದೆ ಚೆನ್ನಾಗಿಯೇ ಬಂತು.

ಆಟ ಆಂಡ್ರಾಯ್ಡ್: ನೆಟ್‌ರನ್ನರ್. ರಿಚರ್ಡ್ ಗಾರ್ಫೀಲ್ಡ್ 1996ರಲ್ಲಿ ಮಾಡಿದ ಆಟವನ್ನು ಫ್ಯಾಂಟಸಿ ಫ್ಲೈಟ್ ಗೇಮ್ಸ್ 2012ರಲ್ಲಿ ಹೊಸ ರೂಪದಲ್ಲಿ ತಂದಿತು. ಆಡೋದು ಇಬ್ಬರು, ಆದರೆ ಒಬ್ಬೊಬ್ಬರದೂ ಬೇರೆಯದೇ ಆಟ. ಕಾರ್ಪ್ ಅಂದರೆ ದೊಡ್ಡ ಕಂಪನಿ. ಸರ್ವರ್‌ಗಳ ಮುಂದೆ ಐಸ್ ಅನ್ನೋ ಕಾವಲು ಕಾರ್ಡ್‌ಗಳನ್ನು ಬೋರಲು ಹಾಕಿ, ಒಳಗೆ ಪಾಯಿಂಟ್ ಕೊಡೋ ಅಜೆಂಡಾ ಕಾರ್ಡ್‌ಗಳನ್ನು ಬೆಳೆಸುತ್ತದೆ. ರನ್ನರ್ ಅದನ್ನೆಲ್ಲ ಮುರಿದು ನುಗ್ಗಿ ಕದಿಯುತ್ತಾನೆ. ಮೊದಲು 7 ಪಾಯಿಂಟ್ ಮುಟ್ಟಿದವರಿಗೆ ಗೆಲುವು. ಟೂರ್ನಮೆಂಟ್‌ನಲ್ಲಿ ಎರಡೂ ಕಡೆ ಆಡಬೇಕು, ಹಾಗಾಗಿ ಎರಡು ಡೆಕ್ ಬೇಕು. ನನ್ನ ಕಾರ್ಪ್ ಡೆಕ್ ಹಾಸ್-ಬಯೋರಾಯ್ಡ್ ಅನ್ನೋ ಕಂಪನಿಯದು, ಎಲ್ಲರೂ ಆಡೋ ಥರದ್ದೇ. ಅದನ್ನು ಬಿಡಿ.

ನಾನು ತಲೆ ಕೆಡಿಸಿಕೊಂಡಿದ್ದು ರನ್ನರ್ ಡೆಕ್‌ಗೆ. ಅದರ ಪಾತ್ರ ಕೇಟ್ ಮೆಕ್‌ಕ್ಯಾಫ್ರಿ. ಪ್ರತಿ ಸರದಿಯಲ್ಲೂ ಅವಳು ಹಾಕೋ ಮೊದಲ ಪ್ರೋಗ್ರಾಮ್ ಅಥವಾ ಹಾರ್ಡ್‌ವೇರ್‌ಗೆ 1 ಕ್ರೆಡಿಟ್ ರಿಯಾಯಿತಿ. ನೋಡೋಕೆ ಚಿಲ್ಲರೆ, ಆಟ ಮುಗಿಯೋ ಹೊತ್ತಿಗೆ ಭಾರೀ ಮೊತ್ತ. ಅವಳ ಬಣ ಶೇಪರ್. ಬೇರೆ ಬಣದ ಕಾರ್ಡ್ ಬೇಕಂದರೆ 15 ಇನ್‌ಫ್ಲುಯೆನ್ಸ್ ಒಳಗೆ ಸಾಲ ತರಬೇಕು. ಗೋಡೆ ಒಡೆಯೋಕೆ ಎರಡು ಕೊರೋಡರ್, 4 ಹೋಯಿತು. ಸೆಂಟ್ರಿ ಅನ್ನೋ ಜಾತಿಯ ಐಸ್ ಒಡೆಯೋ ಎರಡು ಮಿಮಿಕ್‌ಗೆ 2. ಮೂರು ಪ್ಯಾರಸೈಟ್‌ಗೆ 6. ಒಂದು ಲೆಗ್‌ವರ್ಕ್‌ಗೆ 2. ಉಳಿದ 1ಕ್ಕೆ ಸರಿಯಾಗಿ ಕೂತಿದ್ದು ಫೆಮ್ ಫಟಾಲ್. ಅದೂ ಸೆಂಟ್ರಿ ಒಡೆಯೋದೇ, ದುಡ್ಡು ಕೊಟ್ಟರೆ ಬಲ ಏರುತ್ತದೆ; ಹಾಕುವಾಗಲೇ ಒಂದು ಐಸ್ ಆರಿಸಿಕೊಂಡರೆ, ಅದು ಎದುರಾದಾಗ ದುಡ್ಡು ಕೊಟ್ಟು ಸುತ್ತಿ ಹೋಗಬಹುದು. ಕೊನೆಯ 1ಕ್ಕೆ ಅದು ಸಿಕ್ಕಿದ್ದು ಮದುವೆ ಊಟದ ಪಂಕ್ತಿಯಲ್ಲಿ ಕೊನೆಯ ಎಲೆ ಸಿಕ್ಕ ಹಾಗೆ.

ದುಡ್ಡು ಹುಟ್ಟಿಸೋ ಪ್ರೋಗ್ರಾಮ್ ಮ್ಯಾಗ್ನಮ್ ಓಪಸ್ ಯಾಕಿಲ್ಲ ಅಂತ ಕೇಳೋರು ಇದ್ದೇ ಇರುತ್ತಾರೆ. ಅದೊಂದೇ 2 ಮೆಮೊರಿ ತಿನ್ನುತ್ತದೆ. ನನ್ನ ಹತ್ತಿರ ಇರೋದೇ 4. ಇನ್ನೆರಡು ಸೆಲ್ಫ್-ಮಾಡಿಫೈಯಿಂಗ್ ಕೋಡ್‌ಗೆ ಮೀಸಲು. ನನ್ನ ಡೆಕ್‌ನ ಜೀವಾಳವೇ ಅದು. 2 ಕ್ರೆಡಿಟ್ ಕೊಟ್ಟು ಅದನ್ನು ಬಲಿ ಹಾಕಿದರೆ ರನ್ ನಡುವೆಯೇ ಡೆಕ್ ಹುಡುಕಿ ಬೇಕಾದ ಪ್ರೋಗ್ರಾಮ್ ಹೊರಗೆ ತಂದು ಹಾಕಬಹುದು, ಅದರ ಬೆಲೆ ಬೇರೆ ಕೊಡಬೇಕು ಅಷ್ಟೇ. ಎದುರಿನ ಐಸ್ ಯಾವುದು ಅಂತ ಗೊತ್ತಿಲ್ಲದೆಯೂ ಧೈರ್ಯವಾಗಿ ನುಗ್ಗಬಹುದು ಅಲ್ವಾ? ಉತ್ತರ ಡೆಕ್ಕಿನಲ್ಲಿ ಇದ್ದರೆ.

ಮತ್ತೆ ಫೆಮ್ ಯಾಕೆ ಕಿತ್ತೆ? ಸಿಟ್ಟಿಗೆ. ಹಾಕೋಕೆ 9 ಕ್ರೆಡಿಟ್. 45ರಲ್ಲಿ ಒಂದೇ ಪ್ರತಿ ಇರೋ ಕಾರ್ಡ್ ಮೊದಲ 5ರಲ್ಲಿ ಬರೋದು ಒಂಬತ್ತರಲ್ಲಿ ಒಂದು ಸಲ. ನನಗೆ ಹನ್ನೆರಡು ಪ್ರಾಕ್ಟೀಸ್ ಆಟಗಳಲ್ಲಿ ಮೂರು ಸಲ ಬಂತು. ಮೂರು ಪ್ರತಿ ಇರೋ, ದುಡ್ಡು ತರೋ ಶೂರ್ ಗ್ಯಾಂಬಲ್ ಮೊದಲ ಕೈಯಲ್ಲಿ ಒಂದಾದರೂ ಸಿಗೋದು 30 ಪರ್ಸೆಂಟ್ ಮಾತ್ರ. ದುಡ್ಡು ಬರಲ್ಲ, ದುಡ್ಡು ತಿನ್ನೋದು ಮಾತ್ರ ತಪ್ಪದೆ ಬರುತ್ತೆ. ಮೇಲಾಗಿ ಹನ್ನೆರಡರಲ್ಲಿ ಒಂದು ಸಲವೂ ಅದು ಕೆಲಸಕ್ಕೆ ಬರಲಿಲ್ಲ.

ಬರದೇ ಇರೋಕೆ ಕಾರಣವಿತ್ತು. ಹನ್ನೆರಡು ಆಟವನ್ನೂ ನಾನು ಆಡಿದ್ದು ಒಬ್ಬನೇ ಗೆಳೆಯನ ಜೊತೆ, ಅವನು ಆಡೋದು ಜಿಂಟೆಕಿ ಅನ್ನೋ ಕಂಪನಿ ಮಾತ್ರ. ಅವನ ಭಯಂಕರ ಸೆಂಟ್ರಿ ಅಂದರೆ ನ್ಯೂರಲ್ ಕಟಾನಾ, ಬಲ 3. ಮಿಮಿಕ್ ಬಲವೂ 3. ಅದನ್ನು ಏರಿಸೋಕೆ ಆಗಲ್ಲ, ಆದರೆ ಕಟಾನಾಗೆ ಅಷ್ಟು ಸಾಕು.

ಮೂರನೇ ಸುತ್ತು. ಎದುರಿಗೆ ವೇಲ್ಯಾಂಡ್ ಅನ್ನೋ ಕಂಪನಿ ಆಡೋ ಒಬ್ಬ ಮಹಿಳೆ. ಆಕೆ ಮಾತೇ ಆಡುತ್ತಿರಲಿಲ್ಲ, ಕಾರ್ಡ್‌ಗಳನ್ನು ಮೇಜಿನ ಅಂಚಿಗೆ ನೇರವಾಗಿ ಜೋಡಿಸುತ್ತಿದ್ದರು ಅಷ್ಟೇ. ಅವರಿಗೆ 5 ಪಾಯಿಂಟ್, ನನಗೆ 4. ಒಂದು ಸರ್ವರ್‌ನಲ್ಲಿ ಬೋರಲು ಕಾರ್ಡ್, ಮೇಲೆ ಎರಡು ಟೋಕನ್, ಮುಂದೆ ಒಂದೇ ಒಂದು ಐಸ್. ಮುಂದಿನ ಸರದಿಗೆ ಮೂರು ಪಾಯಿಂಟ್‌ನ ಅಜೆಂಡಾ ಮುಗಿಸುತ್ತಾರೆ ಅನ್ನೋದು ಸ್ಪಷ್ಟವಾಗಿತ್ತು. ನನ್ನ ಮೇಜಿನ ಮೇಲೆ ಕೊರೋಡರ್, ಮಿಮಿಕ್, ಸೆಲ್ಫ್-ಮಾಡಿಫೈಯಿಂಗ್ ಕೋಡ್. ಕೇಟಿ ಜೋನ್ಸ್ ಅನ್ನೋ ದುಡ್ಡು ಕೂಡಿಡೋ ಕಾರ್ಡ್ ಮೇಲೆ ಇದ್ದದ್ದನ್ನೆಲ್ಲ ಎತ್ತಿಕೊಂಡೆ. ಕೈಯಲ್ಲಿ 21 ಕ್ರೆಡಿಟ್.

ನುಗ್ಗಿದೆ. ಆಕೆ ಹೋಸ್ಟೈಲ್ ಟೇಕೋವರ್ ಅನ್ನೋ ತಮ್ಮ ಒಂದು ಪಾಯಿಂಟ್‌ನ ಅಜೆಂಡಾವನ್ನು ಪಕ್ಕಕ್ಕೆ ಎಸೆದು ಐಸ್ ತಿರುವಿದರು. ಆರ್ಚರ್.

ಅದೂ ಸೆಂಟ್ರಿ, ಬಲ 6. ನಾಲ್ಕು ಸಬ್‌ರೂಟೀನ್, ಅಂದರೆ ಮುರಿಯದಿದ್ದರೆ ಬೀಳೋ ಪೆಟ್ಟುಗಳು: ಕಾರ್ಪ್‌ಗೆ 2 ಕ್ರೆಡಿಟ್, ನನ್ನ ಒಂದು ಪ್ರೋಗ್ರಾಮ್ ನಾಶ, ಇನ್ನೊಂದು ಪ್ರೋಗ್ರಾಮ್ ನಾಶ, ರನ್ ಖತಂ. ಮಿಮಿಕ್ ಸುಮ್ನೆ ನೋಡುತ್ತಾ ಕೂತಿತ್ತು. ಕೊರೋಡರ್ ಹೋಯಿತು, ಮಿಮಿಕ್ ಹೋಯಿತು. ಮುಂದಿನ ಸರದಿಯಲ್ಲಿ ಪ್ರಯಾರಿಟಿ ರಿಕ್ವಿಸಿಷನ್ ಮುಗಿಯಿತು. ಎಸೆದ ಮೇಲೆ 4, ಮೇಲೆ 3. ಏಳು.

ಆಮೇಲೆ ಕೂತು ಲೆಕ್ಕ ಹಾಕಿದ್ದು ತಪ್ಪಾಯಿತು, ಹಾಕಬಾರದಿತ್ತು. ಫೆಮ್ ಡೆಕ್ಕಿನಲ್ಲಿ ಇದ್ದಿದ್ದರೆ ಅದನ್ನು ಹುಡುಕೋಕೆ 2. ಹಾಕೋಕೆ 9, ಕೇಟ್ ರಿಯಾಯಿತಿ ಕಳೆದು 8. ಐಸ್ ಎದುರಾದ ಮೇಲೆ ಬಂದಿದ್ದರಿಂದ ಸುತ್ತಿ ಹೋಗೋ ಸೌಲಭ್ಯ ಇಲ್ಲ, ಮುರಿದೇ ಹೋಗಬೇಕು. 2 ಇರೋ ಬಲವನ್ನು 6ಕ್ಕೆ ಏರಿಸೋಕೆ 8. ನಾಲ್ಕು ಸಬ್‌ರೂಟೀನ್ ಮುರಿಯೋಕೆ 4. ಒಟ್ಟು 22. ನನ್ನ ಹತ್ತಿರ 21 ಇತ್ತು, ನಿಜ. ಆದರೆ ಹೋಸ್ಟೈಲ್ ಟೇಕೋವರ್ ಮುಗಿಸಿದಾಗ ಕಾರ್ಪ್‌ಗೆ ಒಂದು ಬ್ಯಾಡ್ ಪಬ್ಲಿಸಿಟಿ ಅಂಟಿಕೊಳ್ಳುತ್ತದೆ. ಅಜೆಂಡಾ ಎಸೆದರೂ ಅದು ಹೋಗಲ್ಲ. ಅದರಿಂದ ಪ್ರತಿ ರನ್‌ಗೂ ನನಗೆ 1 ಕ್ರೆಡಿಟ್ ಪುಕ್ಕಟೆ.

ಇಪ್ಪತ್ತೆರಡು. ಪೈಸೆಗೆ ಪೈಸೆ. ಒಳಗಿದ್ದ ಮೂರು ಪಾಯಿಂಟ್ ಕದ್ದು ಏಳು ಮುಟ್ಟಿರುತ್ತಿದ್ದೆ.

ಆಕೆಗೆ ಇದನ್ನು ಹೇಳಿದಾಗ ಮೊದಲ ಸಲ ನಕ್ಕರು. "ಫೆಮ್ ಇಲ್ವಾ? ನಾನು ಇದೆ ಅಂತಾನೇ ಆಡ್ತಿದ್ದೆ" ಅಂದರು. ಆ ದಿನ ಉಳಿದ ಆಟಗಳಲ್ಲಿ ಮೂರನೇ ಮೇಕರ್ಸ್ ಐ ಒಂದು ಸಲವೂ ಕೈಗೆ ಬರಲಿಲ್ಲ.

ಫ್ಯಾಂಟಸಿ ಫ್ಲೈಟ್ 2018ರಲ್ಲಿ ಈ ಆಟ ನಿಲ್ಲಿಸಿತು. ಈಗ ನಲ್ ಸಿಗ್ನಲ್ ಗೇಮ್ಸ್ ಅನ್ನೋ ಅಭಿಮಾನಿಗಳ ಸಂಸ್ಥೆ ಹೊಸ ಕಾರ್ಡ್ ತರುತ್ತಿದೆ, ಪ್ರಿಂಟ್ ಮಾಡಿಕೊಳ್ಳೋಕೆ ಫೈಲ್‌ಗಳನ್ನೂ ಪುಕ್ಕಟೆ ಕೊಡುತ್ತದೆ. ಆದರೂ ನಾನೂ ಆ ಜಿಂಟೆಕಿ ಗೆಳೆಯನೂ ಆಗಾಗ ಹಳೇ ಡೆಕ್ ತೆಗೆಯುತ್ತೇವೆ. ಹೋದ ವಾರ ಅವನು ನನಗೋಸ್ಕರ ವೇಲ್ಯಾಂಡ್ ಕಟ್ಟಿಕೊಂಡು ಬಂದಿದ್ದ, ಒಳಗೆ ಮೂರು ಆರ್ಚರ್. ಫೆಮ್ ಮೊದಲ ಕೈಯಲ್ಲೇ ಬಂತು. ದುಡ್ಡು ಕೂಡಿಸಿ, 8 ಕ್ರೆಡಿಟ್ ಸುರಿದು ಅದನ್ನು ಹಾಕಿದೆ. ಬೋರಲಾಗಿದ್ದ ಒಂದು ಐಸ್ ಕಡೆ ಬೆರಳು ತೋರಿಸಿ, ಇದೇ ಆರ್ಚರ್ ಅಂದೆ.

ಐಸ್ ವಾಲ್. ಬಲ 1.